ಕಥೆ ಬರೆದಾದ ಮೇಲೆ ತೆರೆಯುವ ಪುಸ್ತಕಗಳು

ಮಡಿಕೇರಿ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಅಜ್ಜಿಯ ಪಾತ್ರ ತುಂಬಾ ಹಿಡಿಸಿತು. ಆದರೆ ಕಾವೇರಿ ಸಂಕ್ರಮಣದ ದಿನ ನಿನ್ನ ಕಥೆಯ ತೋಟದಲ್ಲಿ ರೊಬಸ್ಟಾ ಕಾಫಿ ಹಣ್ಣು ಕುಯ್ಯುತ್ತಿದ್ದಾರೆ! ಸಂಕ್ರಮಣ ಬರುವುದು ಅಕ್ಟೋಬರ್ ಮಧ್ಯದಲ್ಲಿ. ಆಗ ರೊಬಸ್ಟಾ ಇನ್ನೂ ಹಸಿರು ಕಾಯಿ. ಕುಯ್ಲು ಜೋರಾಗುವುದು ಜನವರಿ ಹೊತ್ತಿಗೆ. ತೋಟದಲ್ಲಿ ಬೆಳೆದ ಓದುಗ ಅಲ್ಲೇ ನಿಂತುಬಿಡುತ್ತಾನೆ. ಆಮೇಲೆ ಅಜ್ಜಿ ಎಷ್ಟು ಚೆನ್ನಾಗಿ ಮಾತಾಡಿದರೂ ಅವನಿಗೆ ಪೂರ್ತಿ ನಂಬಿಕೆ ಬರುವುದಿಲ್ಲ.

ಬರೆಯುವವರ ಹತ್ತಿರ ಯಾವ ಪುಸ್ತಕ ಇರಬೇಕು ಅಂತ ನೀನು ಕೇಳಿದ್ದೆ ಅಲ್ವಾ? ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ 8 ಸಂಪುಟ. ಮೊದಲನೆಯದು ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಅದರಲ್ಲಿ ಬರೀ ಅರ್ಥ ಇಲ್ಲ. ಆ ಪದವನ್ನು ಶಾಸನದಲ್ಲಿ, ಕಾವ್ಯದಲ್ಲಿ ಹೇಗೆ ಬಳಸಿದ್ದಾರೆ ಅನ್ನುವ ಸಾಲುಗಳೂ ಇವೆ. ನನಗೆ ಅದೇ ಮುಖ್ಯ. ಫೋನಿನಲ್ಲೇ ನೋಡಬೇಕೆಂದರೆ ‘ಅಲರ್’ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ದುಡ್ಡು ಕೊಡಬೇಕಿಲ್ಲ.

ಆದರೆ ಬರೆಯುವ ಹೊತ್ತಿನಲ್ಲಿ ಇವು ಯಾವುದನ್ನೂ ತೆರೆಯಬೇಡ. ತೆರೆದರೆ ಸುಮ್ನೆ ಚೆಂದದ ಪದಗಳ ಹಿಂದೆ ಹೋಗುತ್ತೀಯ. ಮೊದಲು ಬರೆದು ಮುಗಿಸು. ಅನುಮಾನ ಬಂದ ಕಡೆ ಒಂದು ಗೆರೆ ಎಳೆದಿಡು. ಆಮೇಲೆ ನೋಡು.

ಮದುವೆಯ ಭಾಗಕ್ಕಂತೂ ‘ಪಟ್ಟೋಲೆ ಪಳಮೆ’ ಬೇಕೇ ಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿ, ಗಾದೆಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದದ್ದು. ಹಾಡುಗಳು ಕೊಡವ ಭಾಷೆಯವು, ಲಿಪಿ ಕನ್ನಡ. ಒಬ್ಬಳೇ ಓದಬೇಡ, ಕೊಡವ ತಕ್ಕ್, ಅಂದರೆ ಆ ಭಾಷೆ, ಬಲ್ಲ ಹಿರಿಯರ ಪಕ್ಕ ಕೂತು ಓದು. ನಿನ್ನ ಕಥೆಯಲ್ಲಿ ಪುರೋಹಿತರು ಬಂದು ಮಂತ್ರ ಹೇಳಿ ಮದುವೆ ಮಾಡಿಸುತ್ತಾರೆ. ಕೊಡವರ ಮದುವೆಯಲ್ಲಿ ಪುರೋಹಿತರಿಗೆ ಕೆಲಸವೇ ಇಲ್ಲ. ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಬಾಳೆ ಕಡಿಯುವುದು, ಮದುಮಗಳು ನೀರು ತರುವುದು, ಇಂಥ ದೃಶ್ಯಗಳನ್ನು ಯಾಕೆ ಬಿಟ್ಟುಕೊಡುತ್ತೀಯ?

ಇನ್ನೊಂದು. ಕಥೆ ನಡೆಯುವುದು 1953ರಲ್ಲಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಡಗು ಬೇರೆಯೇ ರಾಜ್ಯ. ವಿಧಾನಸಭೆ, ಮಂತ್ರಿಗಳು ಎಲ್ಲ ಮಡಿಕೇರಿಯಲ್ಲೇ. ಜಮೀನಿನ ತಕರಾರು ಹಿಡಿದುಕೊಂಡು ನಿನ್ನ ಕಥೆಯ ಅಜ್ಜ ಬೆಂಗಳೂರಿನ ಮಂತ್ರಿ ಹತ್ತಿರ ಹೋಗುವಂತಿಲ್ಲ. ಇಂಥದ್ದಕ್ಕೆ ಜಿಲ್ಲಾ ಗೆಜೆಟಿಯರ್ ನೋಡು, ಜಿಲ್ಲೆಯ ಇತಿಹಾಸ, ಆಡಳಿತದ ವಿವರ ಇರುವ ಸರ್ಕಾರಿ ಪುಸ್ತಕ ಅದು.

ಎಲ್ಲಕ್ಕಿಂತ ಜಾಸ್ತಿ ನಾನು ನಂಬುವುದು ಮಳೆ ಲೆಕ್ಕದ ಪುಸ್ತಕಗಳನ್ನು. ನಮ್ಮ ಹಳೆಯ ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತಾರೆ. ಹೂ ಮಳೆ ಯಾವತ್ತು ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತಾ, ಎಲ್ಲ ಅದರಿಂದ ತಿಳಿಯುತ್ತದೆ. ಹೂ ಮಳೆ ಬಿದ್ದು ವಾರ, ಹತ್ತು ದಿನದಲ್ಲಿ ಗಿಡ ಹೂ ಬಿಡುತ್ತದೆ. ಆ ಮಳೆ ಕೈಕೊಟ್ಟರೆ ಮುಂದಿನ ಫಸಲು ಹೋಯಿತು. ಮನೆಯ ಸಾಲ ಬೆಳೆಯುತ್ತದೆ, ಮದುವೆ ಮುಂದಕ್ಕೆ ಹೋಗುತ್ತದೆ. ನಿನ್ನ ಅಜ್ಜ ಅಜ್ಜಿಯ ಜಗಳಕ್ಕೆ ಸರಿಯಾದ ಕಾರಣ ಇನ್ನೂ ಸಿಕ್ಕಿಲ್ಲ. ಅಲ್ಲಿ ಸಿಗಬಹುದು.

ನಿಮ್ಮೂರಲ್ಲಿ ಯಾರ ಮನೆಯಲ್ಲಿ ಇದೆ ಅಂತ ವಿಚಾರಿಸು. 1953ರ ಪುಸ್ತಕ ಸಿಕ್ಕರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಪುಟಗಳನ್ನು ಬರೆದುಕೋ. ತಿದ್ದಿದ ಕಥೆಯನ್ನು ಮಳೆಗಾಲ ಹಿಡಿಯುವ ಮುಂಚೆ ಕಳಿಸು.

ಇಂತಿ,
ನಿನ್ನ ಅಕ್ಕ