ಹೆಸರು ಮುಚ್ಚಿಟ್ಟು ಮನೆ ತೋರಿಸಿದಿರಿ

ಸಂಪಾದಕರೇ,

ಕಳ್ಳಸಾಗಣೆ ಜಾಲದಿಂದ ಬಿಡಿಸಿ ತಂದ ಹುಡುಗಿಯರ ಬಗ್ಗೆ ನಿಮ್ಮ ಕೊಪ್ಪಳ ಪುಟದ ವರದಿ ಓದಿದೆ. ಹೆಸರು ಬದಲಿಸಿದ್ದೀರಿ, ಸರಿ. ಆದರೆ ಓಣಿ ಯಾವುದು, ಗೇಟಿನ ಬಣ್ಣ ಏನು, ಯಾವ ಮಹಡಿ, ಎಲ್ಲ ಬರೆದ ಮೇಲೆ ಹೆಸರು ಮುಚ್ಚಿಟ್ಟು ಏನು ಬಂತು? ಆ ಮನೆ ನನ್ನದು. ಬಾಲಮಂದಿರದಿಂದ ಹೊರಬಂದ ಇಬ್ಬರಿಗೆ ಬಾಡಿಗೆ ಕೊಟ್ಟಿದ್ದೇನೆ.

ಈಗ ಬೆಳಗಾದರೆ ಬೈಕ್ ನಿಲ್ಲಿಸಿ ಮಹಡಿ ನೋಡುವವರೇ ಜಾಸ್ತಿ. ಹಾಲಿನವನೂ ‘ಅಕ್ಕಾರ, ಅವ್ರು ಇಲ್ಲೇ ಇರ್ತಾರೇನ್ರಿ’ ಅಂತಾನೆ. ಓಣಿಯ ಹಿರಿಯರು ಬಂದು, ಚಹಾ ಕುಡಿದು, ‘ನಮ್ಮನ್ಯಾಗೂ ಹೆಣ್ಮಕ್ಳದಾರ, ಖಾಲಿ ಮಾಡಸ್ರಿ’ ಎಂದು ಎದ್ದು ಹೋದರು. ನನ್ನ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದ ಮಕ್ಕಳೂ ನಿಂತರು. ಮೇಲಿನ ಹುಡುಗಿಯರಲ್ಲಿ ಒಬ್ಬಳು ಕೆಲಸ ಬಿಟ್ಟಿದ್ದಾಳೆ. ಕಿಟಕಿಗೆ ದುಪಟ್ಟಾ ಕಟ್ಟಿ, ಹಗಲೂ ಲೈಟ್ ಹಾಕಿಕೊಂಡು ಕೂರುತ್ತಾಳೆ.

ನಿಮ್ಮದೊಂದೇ ತಪ್ಪಲ್ಲ. ಅಧಿಕಾರಿಗಳು ವಿಚಾರಿಸಲು ಬರುವುದೇ ಇಲಾಖೆ ಹೆಸರು ಬರೆದ ಜೀಪಿನಲ್ಲಿ, ಜೊತೆಗೆ ಖಾಕಿ ತೊಟ್ಟವರು. ಜೀಪನ್ನು ಬಸ್ ಸ್ಟ್ಯಾಂಡ್ ಹತ್ತಿರ ಬಿಟ್ಟು ನಡೆದು ಬಂದರೆ ಕಾಲು ಸವೆಯುತ್ತಾ? 18 ತುಂಬಿ ಹೊರಬಂದವರಿಗೆ 21ರವರೆಗೆ ನೆರವು, ಆರರಿಂದ ಎಂಟು ಜನ ಒಟ್ಟಿಗಿರುವ ತಾತ್ಕಾಲಿಕ ಮನೆ ಕೊಡಬಹುದು ಎಂದು 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲೇ ಇದೆ. ಅಂಥ ಮನೆ ಎಲ್ಲರ ಮನೆ ಹಾಗೇ ಇರಬೇಕು. ಬೋರ್ಡ್ ಬೇಡ, ಹೊರಗಿನಿಂದ ಬೀಗ ಬೇಡವೇ ಬೇಡ. ಆ ಮಕ್ಕಳು ಕೂಡಿಹಾಕಿದವರ ಬೀಗ ನೋಡಿ ಬಂದವರು. ರೂಮಿಗೆ ಒಳಗಿನ ಚಿಲಕ, ಕೀಲಿ ಅವರ ಕೈಯಲ್ಲಿ, ರಾತ್ರಿ ಬೆಚ್ಚಿ ಎದ್ದರೆ ಮಾತಾಡಿಸಲು ಒಬ್ಬ ಹೆಂಗಸು. ‘ಊರಿಗೆ ಕಳಿಸಿಬಿಡಿ’ ಅನ್ನುವವರಿದ್ದಾರೆ. ಗುಳೆ ನೆಪದಲ್ಲಿ ಕರೆದೊಯ್ದು ಮಾರಿದವರು ಇರುವುದೂ ಅದೇ ಊರಲ್ಲಿ, ಅಲ್ವಾ?

ನಮ್ಮ ಕಚೇರಿಗಳ ನಡತೆ ಹೊಸದೇನಲ್ಲ. ದೇವದಾಸಿ ಪದ್ಧತಿ ನಿಷೇಧಿಸಿ ಕಾಯ್ದೆ ಆಗಿದ್ದು 1982ರಲ್ಲಿ. ಇವತ್ತಿಗೂ ದೇವದಾಸಿಯಾಗಿದ್ದ ಪಕ್ಕದ ಓಣಿಯ ಅಜ್ಜಿಯ ಅರ್ಜಿ ‘ಗಂಡನ ಹೆಸರು ಬರೆದಿಲ್ಲ’ ಎಂದು ವಾಪಸ್ ಬರುತ್ತದೆ. ಬೀದಿ ದೀಪಕ್ಕೆ ಕೊಟ್ಟ ಅರ್ಜಿ ಎಲ್ಲಿ ಹೋಯಿತೋ, ನಮ್ಮ ಓಣಿ ಇನ್ನೂ ಕತ್ತಲು. ಆ ಕತ್ತಲಲ್ಲೇ ಈ ಹುಡುಗಿಯರು ಕೆಲಸ ಮುಗಿಸಿ ಬರಬೇಕಿತ್ತು.

ಜಿಲ್ಲಾಡಳಿತ ಇವರಿಗೆ ಬೇಗ ಒಂದು ಒಳ್ಳೆಯ ಮನೆ ಮಾಡಲಿ. ಅಥವಾ ನನ್ನ ಮನೆಯಲ್ಲೇ ಇರಲಿ, ಓಣಿಯವರನ್ನು ಕೂರಿಸಿಕೊಂಡು ಬುದ್ಧಿ ಹೇಳಲಿ. ನೀವೂ ನಿಮ್ಮ ವರದಿಗಾರರಿಗೆ ಹೇಳಿ. ಇಷ್ಟೂ ಆಗದವರು ಆ ಕುರ್ಚಿಯಲ್ಲಿ ಯಾಕೆ ಕೂತಿದ್ದಾರೆ?

– ಮನೆಯ ಒಡತಿ, ಕೊಪ್ಪಳ
(ದಯವಿಟ್ಟು ಹೆಸರು ಹಾಕಬೇಡಿ)