ಹೆಗಲು ಕೊಟ್ಟವರಿಗೆ ನಮ್ಮ ವಂದನೆ

ನಮ್ಮ ಯಜಮಾನರು ಈಗ ಚೆನ್ನಾಗಿದ್ದಾರೆ. ಬೈಪಾಸ್ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದರು. ಪಾಸ್ಖ ಹಬ್ಬದ (ಈಸ್ಟರ್) ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ನಿಧಾನವಾಗಿ ನಡೆದುಕೊಂಡೇ ಹೋದರು. ದೇವರಿಗೆ ಸ್ತೋತ್ರ. ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2025ರ ಮಾರ್ಚ್ 5, ವಿಭೂತಿ ಬುಧವಾರ, ಪಾಸ್ಖಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗುವ ದಿನ. ಹಿಂದಿನ ವರ್ಷದ ಗರಿಗಳ ಹಬ್ಬದ ಹಳೇ ಗರಿಗಳನ್ನು ಸುಟ್ಟ ಬೂದಿಯಿಂದ ಚರ್ಚಿನ ಗುರುಗಳು ಇವರ ಹಣೆಗೆ ಶಿಲುಬೆ ಗುರುತು ಇಟ್ಟರು. ಮಣ್ಣಿಗೇ ಮರಳುತ್ತೀಯ ಎಂಬ ಮಾತನ್ನು ಪ್ರತಿ ವರ್ಷ ಕೇಳುತ್ತೇವೆ, ಅಲ್ವಾ? ಈ ಸಲ ಎದೆ ಝಲ್ ಎಂದಿತು. ಆಂಜಿಯೋಗ್ರಾಂ ರಿಪೋರ್ಟ್ ಆಗಷ್ಟೇ ಕೈಗೆ ಬಂದಿತ್ತು.

ತಪಸ್ಸು ಕಾಲದಲ್ಲಿ ಉಪವಾಸ ಬಿಡಲ್ಲ ಎಂದು ಇವರು ಹಟ ಹಿಡಿದರು. ಗುರುಗಳೇ ಮನೆಗೆ ಬಂದು, "ಕಾಯಿಲೆಯವರಿಗೆ ಉಪವಾಸದ ಕಟ್ಟು ಇಲ್ಲಪ್ಪಾ. ಹೊತ್ತಿಗೆ ಸರಿಯಾಗಿ ಉಂಡು ಮಾತ್ರೆ ತಗೊಳ್ಳೋದೇ ಈ ವರ್ಷ ನಿನ್ನ ತಪಸ್ಸು" ಎಂದು ಒಪ್ಪಿಸಿದರು. ಅವರಿಗೆ ಕೈಮುಗಿಯುತ್ತೇನೆ.

ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ, ಶುಕ್ರವಾರದ ಶಿಲುಬೆ ಹಾದಿ. ಅದರ 14 ಸ್ಥಳಗಳಲ್ಲಿ ಐದನೆಯದು ಸಿರೇನಿನ ಸಿಮೋನನದು. ಹಳ್ಳಿ ಕಡೆಯಿಂದ ಬರುತ್ತಿದ್ದ ಅವನನ್ನು ಹಿಡಿದು ಯೇಸುಸ್ವಾಮಿಯ ಶಿಲುಬೆ ಹೊರಿಸಿದರು. ಯೇಸುಸ್ವಾಮಿ ಬೇಡ ಎನ್ನಲಿಲ್ಲ. ದೇವರ ಮೇಲೆ ಭಾರ ಹಾಕುವವರು, ಆತ ಕಳಿಸಿದವರ ಕೈಯನ್ನೂ ಹಿಡಿಯಬೇಕು. ಇದು ನನಗೆ ಗಟ್ಟಿಯಾಗಿ ಮನಸ್ಸಿಗೆ ಬಂದದ್ದು ಆ ಸ್ಥಳದಲ್ಲಿ ಮಂಡಿಯೂರಿದಾಗ.

ಪಕ್ಕದ ಮನೆ ಆಂಟಿಗೆ ಆಗ ರಂಜಾನ್ ರೋಜಾ. ಸಹರಿಗೆ, ಅಂದರೆ ಬೆಳಗಾಗುವ ಮುಂಚಿನ ಊಟಕ್ಕೆ, ಎದ್ದಾಗಲೇ ನನಗೂ ಚಪಾತಿ ಲಟ್ಟಿಸಿ, ಡಬ್ಬಿ ಬಿಸಿ ಆರದಂತೆ ಟವೆಲ್ ಸುತ್ತಿ, ನಮ್ಮ ಗೇಟಿಗೆ ಚೀಲ ನೇತುಹಾಕುತ್ತಿದ್ದರು. ನಾನು ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಅದು ಅಲ್ಲಿರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಅವರ ಮಗ ಇಫ್ತಾರ್ ಆಗಿ, ಊಟ ಮಾಡಿ, ರಾತ್ರಿ ಬ್ಲಡ್ ಬ್ಯಾಂಕಿಗೆ ಬಂದು ರಕ್ತ ಕೊಟ್ಟ. ಈ ಋಣ ತೀರಿಸುವಂಥದ್ದಲ್ಲ.

ಮಗಳಿಗೆ ಮಾರ್ಚ್ 21ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಚರ್ಚಿನ ಗಾಯನ ತಂಡದ ಅಕ್ಕ ಪ್ರತಿ ಪೇಪರಿಗೂ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಐಸಿಯು ಹೊರಗಿನ ಬೆಂಚಿನಲ್ಲಿ ನನ್ನ ಜೊತೆ ಜಪಸರ ಹಿಡಿದು ಕೂತ ಸಹೋದರಿಯರೇ, ನಿಮಗೂ ವಂದನೆ. ಸುಮ್ನೆ ಪಕ್ಕದಲ್ಲಿ ಕೂತಿದ್ದೇ ದೊಡ್ಡದಾಯಿತು.

ಜೂನ್ 13ಕ್ಕೆ ಮೈಸೂರು ಜಿಲ್ಲೆಯ ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ. ಹರಕೆ ಒಪ್ಪಿಸಲು ಮನೆಮಂದಿಯೆಲ್ಲ ಹೋಗುತ್ತಿದ್ದೇವೆ. ಆಂಟಿಯೂ ಬರುತ್ತೇನೆ ಎಂದಿದ್ದಾರೆ. ನೀವೂ ಬನ್ನಿ, ವ್ಯಾನಿನಲ್ಲಿ ಜಾಗ ಇದೆ.