ಸಮುದ್ರ ಅಂದ್ರೆ ಬರೀ ನೀಲಿ ಪೇಂಟಾ?

ಸಂಪಾದಕರಿಗೆ ನಮಸ್ಕಾರ,

ಕಡಲ ಥೀಮ್‌ನಲ್ಲಿ ಚಿಕ್ಕ ಮನೆ ಅಂತ ನಿಮ್ಮ ಪುರವಣಿಯಲ್ಲಿ ಬಂದಿದ್ದ ಲೇಖನ ಓದಿದೆ. ಫೋಟೋ ಎಲ್ಲಾ ಸೂಪರ್, ಆದ್ರೆ ಆ ಮನೇಲಿ ಅಜ್ಜ ಅಜ್ಜಿ ಎಲ್ಲಿ ಮಲಗ್ತಾರೆ ಅಂತ ಹುಡುಕಿದ್ರೆ ಸಿಗ್ಲೇ ಇಲ್ಲ.

ನಮ್ಮನೇಲಿ ಮೂರು ತಲೆಮಾರು ಒಟ್ಟಿಗಿದೀವಿ, ನಾವೂ ಇದೇ ಹುಚ್ಚಿಗೆ ಬಿದ್ದು ಗೋಡೆ, ನೆಲ, ಬಚ್ಚಲು ಎಲ್ಲಾ ನೀಲಿ ಮಾಡ್ಸಿದ್ವಿ. ಬಚ್ಚಲ ಬಾಗಿಲಲ್ಲಿ ಎರಡಿಂಚು ಎತ್ತರದ ಒಂದು ಮೆಟ್ಟಿಲು, ಅದಕ್ಕೂ ಅದೇ ಟೈಲ್ಸು. ಒಂದಿನ ಬೆಳಿಗ್ಗೆ ಅಮ್ಮಂಗೆ ಅದು ಕಾಣಿಸದೆ ಎಡವಿದ್ರು, ಪುಣ್ಯಕ್ಕೆ ಬಾಗಿಲ ಚೌಕಟ್ಟು ಕೈಗೆ ಸಿಕ್ತು. ವಯಸ್ಸಾಗ್ತಾ ಕಣ್ಣೊಳಗಿನ ಲೆನ್ಸ್ ಹಳದಿಗೆ ತಿರುಗಿ ನೀಲಿ ಬೆಳಕನ್ನ ಸರಿಯಾಗಿ ಒಳಗೆ ಬಿಡಲ್ವಂತೆ, ಹಾಗಾಗಿ ನಾವು ಆರಿಸಿ ಆರಿಸಿ ತಂದ ನೀಲಿ, ಹಸಿರುನೀಲಿ, ಬೂದು ಎಲ್ಲಾ ಅವ್ರಿಗೆ ಹೆಚ್ಚುಕಮ್ಮಿ ಒಂದೇ! ಆಮೇಲೆ ಆ ಮೆಟ್ಟಿಲನ್ನೇ ಒಡೆಸಿ ನೆಲ ಸಮ ಮಾಡ್ಸಿದ್ವಿ.

ನನ್ ಕೇಳಿದ್ರೆ ಸಮುದ್ರದಿಂದ ಕಲೀಬೇಕಾದ್ದು ಬಣ್ಣ ಅಲ್ಲ, ಹಡಗಿನವರ ಜಾಗದ ಲೆಕ್ಕ. ಮಂಚದ ಕೆಳಗೆ ಡ್ರಾಯರ್, ಗೋಡೆಗೆ ಮಡಚೋ ಟೇಬಲ್, ಪಕ್ಕಕ್ಕೆ ಜಾರೋ ಬಾಗಿಲು. ಆರ್ಕಿಟೆಕ್ಟ್ ಲ ಕಾರ್ಬುಸಿಯೆ ಫ್ರಾನ್ಸ್‌ನ ಮೆಡಿಟರೇನಿಯನ್ ದಡದಲ್ಲಿ 1952ರಲ್ಲಿ ಕಟ್ಕೊಂಡ ಕ್ಯಾಬಿನ್ ಉದ್ದ ಅಗಲ ಬರೀ 3.66 ಮೀಟರ್, ಅಂದ್ರೆ ಹನ್ನೆರಡು ಅಡಿ, ಅಷ್ಟರಲ್ಲೇ ಹಾಸಿಗೆ, ಮೇಜು, ಬೀರು, ಕೈ ತೊಳೆಯೋ ಬೇಸಿನ್ ಎಲ್ಲಾ. ಅಡುಗೆಮನೆ ಮಾತ್ರ ಇರ್ಲಿಲ್ಲ, ಊಟಕ್ಕೆ ಪಕ್ಕದ ಹೋಟೆಲ್ಲು, ಸಂಸಾರಸ್ಥರಿಗೆ ಅದಾಗೋ ಮಾತಲ್ಲ ಬಿಡಿ.

ಹಾಗಂತ ಹಡಗನ್ನ ಪೂರ್ತಿ ಕಾಪಿ ಹೊಡೆದ್ರೂ ಕಷ್ಟ. ನೀರು ಒಳಗೆ ಬರ್ದಿರ್ಲಿ ಅಂತ ಅಲ್ಲಿ ಹೊಸ್ತಿಲು ಎತ್ತರ ಇಡ್ತಾರೆ, ಮನೇಲಿ ಅದು ಬೇಡ್ವೇ ಬೇಡ. ಮೇಲಿನ ಬಂಕ್ ಮಕ್ಕಳಿಗೆ ಕೊಡಿ, ಹಿರಿಯರ ಮಂಚ ಬಚ್ಚಲಿಗೆ ಹತ್ರ ಇರ್ಲಿ. ಅವ್ರ ಬಾಗಿಲು 900 ಮಿಲಿಮೀಟರ್ ಇಡಿ, ಜೊತೆಗೆ ವೀಲ್‌ಚೇರ್ ತಿರುಗಿಸೋಕೆ ಐದಡಿ ಸುತ್ತಳತೆ ಅಲ್ಲ, ಐದಡಿ ಅಗಲದ ಖಾಲಿ ಜಾಗ ಬೇಕು, ನಮ್ ಮೇಸ್ತ್ರಿ ಇಲ್ಲೇ ಕನ್‌ಫ್ಯೂಸ್ ಆಗಿದ್ದು. ದುಂಡು ಕಿಟಕಿ ನೋಡೋಕೆ ಚೆಂದ ಅಷ್ಟೇ, ಪರದೆ ಹಾಕಿ ನೋಡಿ ಗೊತ್ತಾಗುತ್ತೆ.

ನಾವು ಹಡಗಿಂದ ತಗೊಂಡಿದ್ರಲ್ಲಿ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಗೋಡೆ ಉದ್ದಕ್ಕೂ ಇರೋ ಮರದ ಕೈಹಿಡಿ. ರಾತ್ರಿ ಅಮ್ಮ ಯಾರನ್ನೂ ಎಬ್ಬಿಸದೆ ಅದನ್ನೇ ಹಿಡ್ಕೊಂಡು ಬಚ್ಚಲಿಗೆ ಹೋಗ್ಬರ್ತಾರೆ. ಮಕ್ಕಳು ಅದ್ರ ಮೇಲೆ ಒದ್ದೆ ಟವಲ್ ನೇತು ಹಾಕ್ತಾರೆ, ದಿನಾ ಅದಕ್ಕೊಂದು ಜಗಳ. ಮುಂದಿನ ಸಲ ಫೋಟೋ ಜೊತೆ ಮನೆ ಪ್ಲಾನೂ ಹಾಕಿ ಸಾರ್.

ಇಂತಿ, ನಿಮ್ಮ ಓದುಗ